ಧಮ್ಮಶೀಲಾಳ ರಕಾರ

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ತೆಲಂಗಾಣದ ಗಡಿಯೂರು ನಾರಾಯಣಖೇಡದ ನಮ್ಮ ಕನ್ನಡ ಶಾಲೆಗೆ ಮಗಳನ್ನು ಸೇರಿಸಲು ಬಂದ ಧಮ್ಮಪಾಲ ‘ಧಮ್ಮಶೀಲಾ’ ಎಂದು ಹೆಸರು ಹೇಳಿದ. ಓದು ಬಾರದವರು ರಕಾರ ನುಂಗುತ್ತಾರೆಂದು ದೊಡ್ಡ ಪಂಡಿತೆಯಂತೆ ನಾನು ಹಾಜರಿ ಪುಸ್ತಕದಲ್ಲಿ ‘ಧರ್ಮಶೀಲಾ’ ಎಂದು ಬರೆದೆ. ಬುದ್ಧನ ದಾರಿ ಹಿಡಿದವರಲ್ಲಿ ಧಮ್ಮ ಎಂದೇ ಹೆಸರಿಡುತ್ತಾರೆಂದು ಎರಡು ವರ್ಷದ ಮೇಲೆ ತಿಳಿಯಿತು. ನಾಚಿಕೆಯಾಗಿ ತಿದ್ದದೆ ಬಿಟ್ಟೆ. ಬಾಯಲ್ಲಿ ಶೀಲಾ ಎಂದಷ್ಟೇ ಕರೆಯುತ್ತಿದ್ದೆ.

ಅರವತ್ತೊಂಬತ್ತರಲ್ಲಿ ಪ್ರತ್ಯೇಕ ತೆಲಂಗಾಣದ ಗದ್ದಲಕ್ಕೆ ಶಾಲೆ ತಿಂಗಳುಗಟ್ಟಲೆ ಮುಚ್ಚಿತು. ತೆರೆದಾಗ ಶೀಲಾಳ ಬಾಯಲ್ಲಿ ಕರ್ಪೂರ ಕಪ್ಪುರವಾಗಿತ್ತು, ಕುರ್ಚಿ ಕುಚ್ಚಿಯಾಗಿತ್ತು. ಒತ್ತಕ್ಷರದೊಳಗಿನ ರಕಾರ ಅವಳ ಕಿವಿಗೇ ಬೀಳುತ್ತಿರಲಿಲ್ಲ.

“ಈ ಸಲ ಫೇಲಾದ್ರ ಸಾಲಿ ಬಿಡಸ್ತೀವ್ರಿ ಬಾಯಾರ. ಆಕಿ ಅವ್ವ ಕೂಲಿಗಿ ಕರಕೊಂಡು ಹೋಗ್ತೀನಂತ ಕುಂತಾಳ” ಎಂದ ಧಮ್ಮಪಾಲ.

ಒಂಬತ್ತು ವರ್ಷದ ಕೂಸು. ದಿನಾ ಸಂಜೆ ಕೂರಿಸಿಕೊಂಡೆ. ಒಂದು ಸದ್ದಿಗೆ ಒಂದು ಬೆರಳು: ಕ, ರ್, ಪೂ, ರ. ಬಿಟ್ಟ ಸದ್ದಿನ ಬೆರಳನ್ನು ನಾನು ಎತ್ತಿ ತೋರಿಸಿದರೆ ತಿದ್ದಿಕೊಳ್ಳುತ್ತಿದ್ದಳು.

ಪರೀಕ್ಷೆಗೆ ಇನ್‌ಸ್ಪೆಕ್ಟರು ಬಂದರು. ಕರ್ಪೂರ, ಕುರ್ಚಿ, ಸರ್ಪ ಎಲ್ಲ ತಪ್ಪಿಲ್ಲದೆ ಬಿಡಿಸಿ ಹೇಳಿದಳು. ಪಾಸೇ ಅಂದುಕೊಂಡೆ. ಅಷ್ಟರಲ್ಲಿ ಅವರು ಹಾಜರಿ ಪುಸ್ತಕ ನೋಡಿ, “ಈಗ ನಿನ್ನ ಹೆಸರು ಬಿಡಿಸು” ಎಂದರು.

“ಧ, ಮ್, ಮ, ಶೀ, ಲಾ.”

“ರ್ ಎಲ್ಲಿ ಹೋತು? ರುಕ್ಮಿಣೀಬಾಯಿ, ತನ್ನ ಹೆಸರೇ ಬರಂಗಿಲ್ಲಲ್ರಿ ಈಕಿಗೆ.” ಫೇಲು ಬರೆಯಲು ಪೆನ್ನು ಎತ್ತಿದರು.

ಹುಡುಗಿ ಹೇಳಿದ್ದೇ ಸರಿ ಎನ್ನಬೇಕಿತ್ತು. ಹಾಗೆ ಹೇಳಿದರೆ ಪುಸ್ತಕದ ಅಕ್ಷರ ಯಾರದು ಎನ್ನುತ್ತಾರೆ. ಅವಳ ಓದು ನಿಂತೀತೆಂದು ಹೆದರಿದೆನೋ, ನನ್ನ ನೌಕರಿ ಹೋದೀತೆಂದೋ, ಇವತ್ತಿಗೂ ಗೊತ್ತಿಲ್ಲ. ಎರಡನೆಯ ಬೆರಳು ಎತ್ತಿದೆ.

ಶೀಲಾ ಬೆರಳು ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಮೆಲ್ಲಗೆ, “ಧ, ರ್, ಮ...” ಎಂದಳು. ಪಾಸಾದಳು.

ಹೊರಗೆ ಧಮ್ಮಪಾಲ ನಿಂತಿದ್ದ. “ಏನಾತು ಧಮ್ಮಶೀಲಾ?”

“ಪಾಸಾದೆ. ಆದ್ರ ಅದು ಧಮ್ಮ ಅಲ್ಲಪ್ಪ, ಧರ್ಮ. ನಿನಗ ಕೇಳ್ಸಂಗಿಲ್ಲ. ನಿನ್ನ ಹೆಸರೂ ತಪ್ಪೈತಿ.”

ಅವನು ಮಗಳ ಮೇಲೆ ಸಿಟ್ಟಾಗಲಿಲ್ಲ. ನನ್ನ ಕಡೆ ತಿರುಗಿ ಕೈಮುಗಿದು, “ಹೌದೇನ್ರಿ ಬಾಯಾರ? ಇಷ್ಟು ದಿನ ತಪ್ಪ ಕರದೆವೇನ್ರಿ?” ಎಂದು ಕೇಳಿದ.