ಕಣ್ಣೀರಕ್ಕನ ದನಿ

ಇಪ್ಪತ್ತೆರಡು ವರ್ಷದಿಂದ ಅವಳದು ಒಂದೇ ಕೆಲಸ, ಸಿನಿಮಾದ ಅಮ್ಮಂದಿರಿಗೆ ದನಿ ಕೊಡುವುದು. ತೆರೆಯ ಮೇಲೆ ಇನ್ಯಾರೋ ಅಳುತ್ತಾರೆ, ಇವಳು ಮೈಕಿನ ಮುಂದೆ ಬಿಕ್ಕುತ್ತಾಳೆ. ಸ್ಟುಡಿಯೋದವರೆಲ್ಲ ಕಣ್ಣೀರಕ್ಕ ಅಂತಲೇ ಕರೆಯುತ್ತಿದ್ದರು. ಅವಳಿಗೂ ಅದರಲ್ಲಿ ಒಂಚೂರು ಜಂಬವೇ ಇತ್ತು, ಸುಳ್ಳೇಕೆ ಹೇಳಬೇಕು!

ಆವತ್ತು ಬೆಳಿಗ್ಗೆ ಸಿಕ್ಕಿದ್ದು ಒಂದೇ ಒಂದು ಮಾತು. ಗಂಡನ ಏಟು ತಿಂದು ತವರಿಗೆ ಬಂದ ಹುಡುಗಿಗೆ ಅಮ್ಮ ಹೇಳುವುದು: "ಸಂಸಾರ ಅಂದ್ಮೇಲೆ ಇವೆಲ್ಲ ಇದ್ದದ್ದೇ ಮಗಳೇ. ಮುಖ ತೊಳ್ಕೊಂಡು ನಿನ್ನ ಮನೆಗೆ ಹೋಗು." ನಿರ್ದೇಶಕನಿಗೆ 'ಮಗಳೇ' ಆದಮೇಲೆ ಒಂದು ನಡುಕದ ಉಸಿರು ಬೇಕಿತ್ತು. ಹದಿನಾಲ್ಕು ಸಲ ಹೇಳಿಸಿದ, ಪುಣ್ಯಾತ್ಮ. ಹದಿನಾಲ್ಕನೆಯದಕ್ಕೆ ಸೌಂಡ್ ಇಂಜಿನಿಯರ್ ಕಣ್ಣೊರೆಸಿಕೊಂಡ. ಕಣ್ಣೀರಕ್ಕ ಬೀಗುತ್ತಾ ಮನೆಗೆ ಬಂದಳು.

ಮಧ್ಯಾಹ್ನ ಬಾಗಿಲು ತೆಗೆದರೆ ಎದುರಿಗೆ ಅವಳ ಮಗಳು. ಕೈಯಲ್ಲಿ ಬ್ಯಾಗು. ಎಡಗೆನ್ನೆ ಊದಿಕೊಂಡಿತ್ತು.

"ಅವ್ನು ಮತ್ತೆ ಹೊಡೆದ ಅಮ್ಮಾ. ಸಾಕಾಗೋಯ್ತು. ನಾನಿಲ್ಲೇ ಇರ್ಲಾ?"

ಕಣ್ಣೀರಕ್ಕ ಬ್ಯಾಗಿಗೆ ಕೈ ಚಾಚಿದಳು. ಆದರೆ ಹಾಳು ಬಾಯಿ! ಅದು ತನ್ನಷ್ಟಕ್ಕೆ ತಾನೇ ಶುರುಹಚ್ಚಿಕೊಂಡಿತು. "ಸಂಸಾರ ಅಂದ್ಮೇಲೆ ಇವೆಲ್ಲ ಇದ್ದದ್ದೇ ಮಗಳೇ..." ಉಸಿರು ಕೂಡ ಸರಿಯಾದ ಜಾಗದಲ್ಲೇ ನಡುಗಿತು. ಆಗ ನಾಲಿಗೆ ಕಚ್ಚಿಕೊಂಡಳು. ಹುಟ್ಟಿದಾಗಿನಿಂದ 'ಪುಟ್ಟಿ' ಅಂತ ಕರೆದವಳೇ ಹೊರತು ಒಂದು ದಿನವೂ 'ಮಗಳೇ' ಅಂದವಳಲ್ಲ.

ಮಗಳು ಅಳಲಿಲ್ಲ. "ಇದು ಇವತ್ತಿನ ಡಬ್ಬಿಂಗಾ?" ಅಂದಳು, ಅಷ್ಟೇ.

ಭೂಮಿ ಬಾಯ್ಬಿಡಬಾರದೇ ಅನ್ನಿಸಿತು ಕಣ್ಣೀರಕ್ಕನಿಗೆ. ಥೂ, ಎಷ್ಟು ಮನೆಗಳ ಎಷ್ಟು ಹುಡುಗಿಯರನ್ನು ಈ ದನಿ ವಾಪಸ್ ಅಟ್ಟಿದೆಯೋ! ಅಷ್ಟರಲ್ಲಿ ಮಗಳು ಬ್ಯಾಗೆತ್ತಿಕೊಂಡು ಮೆಟ್ಟಿಲಿಳಿಯುತ್ತಿದ್ದಳು.

ಬರಿಗಾಲಲ್ಲೇ ಹಿಂದೆ ಓಡಿದಳು. ಕೆಳಗಿನ ಮಹಡಿಯಲ್ಲಿ ತೋಳು ಹಿಡಿದು ನಿಲ್ಲಿಸಿದಳು. "ಹೋಗ್ಬೇಡ ಪುಟ್ಟಿ, ನಿನ್ನ ದಮ್ಮಯ್ಯ! ಇದು ನಿನ್ನ ಮನೆ ಕಣೇ. ಅವ್ನು ಈ ಕಡೆ ತಲೆ ಹಾಕ್ಲಿ, ಕಾಲು ಮುರೀತೀನಿ. ತಪ್ಪಾಯ್ತು ಕಣೇ, ತಪ್ಪಾಯ್ತು." ಗಂಟಲು ಒಡೆದು ದನಿ ಎಲ್ಲೆಲ್ಲಿಗೋ ಹೋಯಿತು. ಆ ಮಹಡಿಯವರು ಬಾಗಿಲು ತೆಗೆದು ನೋಡಿದರು.

ಮಗಳು ತಿರುಗಿ ಅಮ್ಮನ ಮುಖ ನೋಡಿದಳು. ಬೇಕೂಂತ ಚುಚ್ಚಲಿಲ್ಲ, ಪಾಪ. ನಿಜವಾಗಿಯೂ ಗೊತ್ತಾಗದೆ ಕೇಳಿದಳು:

"ಇದನ್ನ ನಂಬ್ಲಾ ಅಮ್ಮಾ?"