ನನಗೆ ನೀರೇ ಇಷ್ಟ

ಅಡುಗೆಮನೆಯ ಕಿಟಕಿ ಸರಳಿಗೆ ಕಟ್ಟಿದ್ದ ಬಿಳಿ ಗಂಟಿನಿಂದ ಹನಿ ಬೀಳುತ್ತಿತ್ತು. ತೊಟ್... ತೊಟ್... ಕಂಡಕ್ಟರ್ ಸೊಂಟದ ಮೇಲೆ ಕೈಯಿಟ್ಟು ಅದನ್ನೇ ನೋಡುತ್ತ ನಿಂತಿದ್ದ. ವಾರವಿಡೀ ಬಸ್ಸಿನೊಳಗೆ ಜನರನ್ನು ಒತ್ತಿ ಒತ್ತಿ ತುಂಬುವವನಿಗೆ ಹೀಗೆ ಸುಮ್ಮನೆ ಕಾಯುವುದೆಂದರೆ ಮೈಯೆಲ್ಲ ತುರಿಕೆ.

"ಒಂಚೂರು ಹಿಂಡಿಬಿಡ್ಲಾ ಅಮ್ಮ?"

"ಮುಟ್ಟಿದ್ರೆ ನೋಡು! ಅದೇನು ನಿನ್ನ ಬಸ್ಸಾ? ತನ್ನಷ್ಟಕ್ಕೆ ತಾನು ಇಳೀಲಿ."

ಅಮ್ಮ ಕುರ್ಚಿಯಲ್ಲಿ ಕೂತಲ್ಲಿಂದಲೇ ಅಧಿಕಾರ ನಡೆಸುತ್ತಿದ್ದಳು. ಈಚೆಗೆ ಅವಳ ಬೆರಳುಗಳು ಬಿಗಿದುಕೊಂಡು, ಬಟ್ಟೆಯ ಗಂಟು ಹಾಕುವುದೂ ಆಗುತ್ತಿರಲಿಲ್ಲ. ಹೆಂಡತಿ ನರ್ಸು, ರಜೆಯ ದಿನವೂ ಅವಳಿಗೆ ಡ್ಯೂಟಿ. ಹಾಗಾಗಿ ಮೊಸರು ಬಸಿಯುವ ಕೆಲಸ ಮೊದಲ ಬಾರಿಗೆ ಕಂಡಕ್ಟರನ ಕೈಗೆ ಬಂದಿತ್ತು.

ಆ ಹನಿಯ ಸದ್ದು ಅವನನ್ನು ಹಳೆಯ ಮನೆಗೆ ಎಳೆದೊಯ್ದಿತು. ಅಲ್ಲಿಯೂ ಕಿಟಕಿಗೆ ಇಂಥದೇ ಗಂಟು. ಅವನೂ ಅಣ್ಣನೂ ಕದ್ದು ಅದರ ಕೆಳಗೆ ಬೆರಳೊಡ್ಡಿ ನೆಕ್ಕುತ್ತಿದ್ದರು, ಬೆನ್ನಿಗೆ ಅಮ್ಮನ ಏಟು ತಿನ್ನುತ್ತಿದ್ದರು. ಅಪ್ಪ ಕೆಲಸದಿಂದ ಬಂದವನು ಚಪ್ಪಲಿ ಬಿಡುವ ಮೊದಲೇ "ಇಳೀತಾ?" ಎನ್ನುತ್ತಿದ್ದ. ಗಂಟು ಬಿಚ್ಚಿದರೆ ಒಳಗೆ ಬೆಣ್ಣೆಯಂಥ ಮೊಸರು, ಮೈಮೇಲೆಲ್ಲ ಬಟ್ಟೆಯ ನೇಯ್ಗೆಯ ಅಚ್ಚು. ಚಿಟಿಕೆ ಉಪ್ಪು ಕಲಸಿ ಬಿಸಿ ಬ್ರೆಡ್ಡಿಗೆ ಹಚ್ಚಿಕೊಂಡು ಅಪ್ಪ, ಅಣ್ಣ, ಅವನು ಸಾಲಾಗಿ ಕೂತು ತಿನ್ನುವರು. ಅಮ್ಮ ಮಾತ್ರ ಬಸಿದುಳಿದ ನೀರನ್ನು ಲೋಟಕ್ಕೆ ಬಗ್ಗಿಸಿಕೊಂಡು ಗೋಡೆಗೆ ಒರಗಿ ನಿಲ್ಲುವಳು. ಕರೆದರೆ, "ನನಗೆ ನೀರೇ ಇಷ್ಟ ಕಣೋ."

ಆ 'ಕಣೋ'ವನ್ನು ಅವಳು ಎಳೆಯುವ ರೀತಿ, ಒಂದೇ ಹುಬ್ಬು ಏರಿಸುವ ರೀತಿ ಕಂಡಕ್ಟರನಿಗೆ ಬಾಯಿಪಾಠ. ಡ್ರೈವರನ ಕೆಮ್ಮು, ಚೆಕಿಂಗ್ ಅಧಿಕಾರಿಯ ಮೂಗಿನ ದನಿ, ಎಲ್ಲವನ್ನೂ ಅವನು ಥೇಟ್ ಹಾಗೇ ಮಾಡಿ ತೋರಿಸುವವನು. ಆದರೂ ನೆಂಟರು ಸೇರಿದಾಗ ಎಲ್ಲರೂ ಕೇಳುವುದು ಇದನ್ನೇ. ಅವನು ಹೇಳಿದ ಕೂಡಲೇ ಮನೆಯೆಲ್ಲ ನಗು. ಅಮ್ಮನದೂ.

"ಈಗ ಬಿಚ್ಚು," ಎಂದಳು ಅಮ್ಮ.

ಗಂಟು ಬಿಚ್ಚಿ, ಬಟ್ಟೆಗಂಟಿದ್ದನ್ನೂ ಚಮಚದಲ್ಲಿ ಕೆರೆದು, ಉಪ್ಪು ಕಲಸಿ, ಅವನು ಮೂರು ಬಟ್ಟಲಿಗೆ ಹಾಕಿದ. ಮಗನಿಗೆ, ಮಗಳಿಗೆ, ತನಗೆ. ಆಮೇಲೆ ಮನೆಯಲ್ಲಿದ್ದ ಅತಿ ದೊಡ್ಡ ಲೋಟ ಹುಡುಕಿ, ಬಸಿದ ನೀರು ತುಂಬಿಸಿ, ಬಾಗಿ ಅಮ್ಮನ ಮುಂದಿಟ್ಟ.

"ಅಮ್ಮಾವ್ರಿಗೆ ಸ್ಪೆಷಲ್ ಸೀಟು!"

ಅಮ್ಮ ನಕ್ಕು ಲೋಟ ತೆಗೆದುಕೊಂಡಳು.

ಆಡಿ ಬಂದಿದ್ದ ಮಗ ಉಸಿರು ಬಿಡುವುದರೊಳಗೆ ಬಟ್ಟಲು ಖಾಲಿ ಮಾಡಿದ. "ಇನ್ನೂ ಬೇಕು."

"ಇನ್ನೆಲ್ಲಿಂದ ತರ್ಲೋ? ಬಟ್ಟೆ ಬೇಕಾದ್ರೆ ಅಗಿ."

ಮಗಳು ಆಗಷ್ಟೇ ಬ್ರೆಡ್ಡು ಕೈಗೆತ್ತಿಕೊಂಡಿದ್ದಳು. ಒಂದು ಕ್ಷಣ ತನ್ನ ಬಟ್ಟಲು ನೋಡಿ, ತಮ್ಮನ ಕಡೆ ಸರಿಸಿದಳು. "ತಗೋ, ತಿನ್ನು. ನನಗೆ ನೀರೇ ಇಷ್ಟ."

ಕಂಡಕ್ಟರ್ ಚಪ್ಪಾಳೆ ತಟ್ಟಿ ನಕ್ಕ. "ಭಲೇ! ಅಜ್ಜಿ ಥರಾನೇ ಹೇಳ್ದೆ. ಆ ಹುಬ್ಬು ಇನ್ನೊಂಚೂರು ಮೇಲೆ..."

"ನಾನು ಮಿಮಿಕ್ರಿ ಮಾಡ್ಲಿಲ್ಲ ಅಪ್ಪ."

ಅವಳು ಪಾತ್ರೆಯಲ್ಲಿ ಉಳಿದಿದ್ದ ನೀರನ್ನು ಲೋಟಕ್ಕೆ ಹಾಕಿಕೊಂಡಳು. ಗೋಡೆಯ ಕಡೆ ತಿರುಗಿ, ಉಸಿರು ಬಿಗಿಹಿಡಿದು ಗಟಗಟ ಕುಡಿದಳು. ಹುಳಿಗೆ ಮುಖ ಕಿವುಚಿದ್ದು ಕಂಡಕ್ಟರನಿಗೆ ಕಂಡಿತು. ಅಮ್ಮನತ್ತ ನೋಡಿದ. ಅವಳು ನಗುತ್ತಿರಲಿಲ್ಲ.

ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟು "ನಂಗೆ ನಿಂತೇ ಅಭ್ಯಾಸ" ಎನ್ನುವವರನ್ನು ಅವನು ದಿನವೂ ನೋಡುತ್ತಾನೆ. ಕಂಬಿ ಹಿಡಿದು ಅವರು ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸುವುದನ್ನೂ ನೋಡುತ್ತಾನೆ. ಬಸ್ಸಿನಲ್ಲಿ ಕಂಡದ್ದು ಇಷ್ಟು ವರ್ಷ ಮನೆಯಲ್ಲಿ ಕಂಡಿರಲಿಲ್ಲ.

"ಅಮ್ಮ, ನಿನಗೆ ನಿಜವಾಗ್ಲೂ ನೀರೇ ಇಷ್ಟಾನಾ?"

"ಈಗ್ಯಾಕೆ ಮೊಸರಲ್ಲಿ ಕಲ್ಲು ಹುಡುಕ್ತೀಯ? ನಿಮ್ಮಪ್ಪ ದುಡಿದು ಬರೋರು, ನೀವು ಬೆಳೆಯೋ ಹುಡುಗ್ರು. ಇದ್ದಿದ್ದೇ ಅಷ್ಟು. ನೀವು ತಿನ್ನೋದು ನೋಡಿದ್ರೇ ಹೊಟ್ಟೆ ತುಂಬ್ತಿತ್ತು."

"ತುಂಬ್ತಿತ್ತಾ?"

ಅಮ್ಮ ಲೋಟವನ್ನು ಎರಡೂ ಕೈಯಲ್ಲಿ ತಿರುಗಿಸಿದಳು. "ಇಲ್ಲ," ಎಂದಳು.

ಮಗನಿಗೆ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತೇನೋ. "ನಾನೇನು ಕಿತ್ಕೊಂಡ್ನಾ? ಅಕ್ಕಾನೇ ಕೊಟ್ಳು!"

"ನಾನೂ ಕಿತ್ಕೊಂಡಿರ್ಲಿಲ್ಲ ಕಣೋ," ಎಂದ ಕಂಡಕ್ಟರ್.

ಇನ್ನೂ ಮುಟ್ಟದ ತನ್ನ ಬಟ್ಟಲನ್ನು ಅಮ್ಮನ ಮುಂದಿಟ್ಟು, ಅವಳ ಕೈಯಲ್ಲಿದ್ದ ಲೋಟ ತೆಗೆದುಕೊಂಡ. ಮಗ ಸ್ವಲ್ಪ ಹೊತ್ತು ಚಮಚ ಕಚ್ಚಿಕೊಂಡು ಕೂತಿದ್ದ. ಆಮೇಲೆ ಅಕ್ಕ ಕೊಟ್ಟ ಬಟ್ಟಲನ್ನು ಮೆಲ್ಲಗೆ ಅವಳ ಕಡೆಗೇ ತಳ್ಳಿ, ಅಪ್ಪನ ಲೋಟಕ್ಕೆ ಕೈಯೊಡ್ಡಿದ. ಅಪ್ಪ ಮಗ ಒಂದೊಂದು ಗುಟುಕು ಕುಡಿದರು. ಇಬ್ಬರ ಮುಖವೂ ಒಟ್ಟಿಗೇ ಕಿವುಚಿತು.

"ನನಗೆ ನೀರೇ ಇಷ್ಟ ಕಣಮ್ಮೋ," ಎಂದು ಅಮ್ಮ ಥೇಟ್ ಕಂಡಕ್ಟರನ ದನಿಯಲ್ಲೇ ಹೇಳಿದಳು. ಈ ವಿದ್ಯೆ ಅವನಿಗೆ ಯಾರಿಂದ ಬಂತೆಂದು ಮಕ್ಕಳಿಗೆ ಆಗ ಗೊತ್ತಾಯಿತು. ಮಗಳು ನಗುತ್ತ ನಗುತ್ತ ಬ್ರೆಡ್ಡಿಗೆ ಮೊಸರು ಹಚ್ಚಿಕೊಂಡಳು, ದಪ್ಪಗೆ.

ಅಮ್ಮ ಚಮಚದ ತುದಿಯಲ್ಲಿ ಒಂದಿಷ್ಟು ತೆಗೆದು ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು. ಎಲ್ಲರೂ ಕಾದರು.

"ಬೇಗ ಬಿಚ್ಚಿಬಿಟ್ಟೆ. ಉಪ್ಪೂ ಸಾಲದು."

"ಬಿಚ್ಚು ಅಂದಿದ್ದೇ ನೀನಲ್ವಾ!"

"ನನಗೇನು ಗೊತ್ತು? ನಾನು ಯಾವತ್ತು ತಿಂದಿದ್ದೆ?"

ಅಂದವಳೇ ಬಟ್ಟಲಿಗೆ ತಲೆ ಬಗ್ಗಿಸಿದಳು. ನಿಧಾನವಾಗಿ ತಿಂದಳು. ಬೆರಳಿನಿಂದ ಬಟ್ಟಲಿನ ಅಂಚನ್ನೂ ಬಳಿದಳು. ಮತ್ತೆ ಬಟ್ಟಲನ್ನು ಮುಂದೆ ಚಾಚಿ ಕೇಳಿದಳು:

"ಇನ್ನೊಂಚೂರು ಇದೆಯೇನೋ?"

ಇರಲಿಲ್ಲ. ಅಮ್ಮ ಯಾವುದನ್ನಾದರೂ ಎರಡನೇ ಸಲ ಕೇಳಿದ್ದನ್ನು ಅವನು ನೋಡಿಯೇ ಇರಲಿಲ್ಲ. ಕಂಡಕ್ಟರ್ ಎದ್ದು ಬಟ್ಟೆ ತೊಳೆದು ಹರವಿದ. ಹಾಲು ಒಲೆಯ ಮೇಲಿಡಲು ಹೋದವನು ಎಂದಿನ ಪಾತ್ರೆ ನೋಡಿ ನಿಂತ.

"ಅಮ್ಮ, ದೊಡ್ಡ ಪಾತ್ರೆ ಎಲ್ಲಿಟ್ಟಿದ್ದೀಯ? ನಾವು ಐದು ಜನ ಇದ್ದೀವಿ."