ಸೂಜಿಹಕ್ಕಿಯ ದನಿ

ಆ ಹುಲ್ಲುಗಾವಲಿನ ಸುತ್ತಮುತ್ತಲಿನವರಿಗೆಲ್ಲ ಅವಳು ಹಕ್ಕಿ ಮೇಡಂ. ಹತ್ತೊಂಬತ್ತು ವರ್ಷದಿಂದ ಅವಳ ಬೇಸಿಗೆಯ ಕೆಲಸ ಒಂದೇ: ಹುಲ್ಲಿನ ನಡುವೆ ಗುರುತು ಹಾಕಿದ ನಲವತ್ತು ಜಾಗಗಳಲ್ಲಿ ಬೆಳಗಿನ ಹೊತ್ತು ಹತ್ತು ಹತ್ತು ನಿಮಿಷ ಮಿಸುಕಾಡದೆ ನಿಂತು, ಯಾವ ಹಕ್ಕಿ ಎಷ್ಟು ಕೂಗಿತು ಎಂದು ಬರೆದುಕೊಳ್ಳುವುದು. ಹುಲ್ಲಿನ ಹಕ್ಕಿಗಳು ಕಣ್ಣಿಗೆ ಬೀಳುವುದು ಅಪರೂಪ, ಕಿವಿಯನ್ನೇ ನಂಬಬೇಕು.

ಅವುಗಳಲ್ಲೊಂದು ಹೆಬ್ಬೆರಳುದ್ದದ ಕಂದು ಹಕ್ಕಿ. ದನಿ ಬಲು ಸಣ್ಣ, ಚೂಪು. ಅದಕ್ಕೇ ಎಲ್ಲರೂ ಸೂಜಿಹಕ್ಕಿ ಅನ್ನುತ್ತಿದ್ದರು. ಕೆಲವು ವರ್ಷಗಳಿಂದ ಅದರ ಕೂಗು ಕಡಿಮೆಯಾಗುತ್ತ ಬಂದು, ಎರಡು ಬೇಸಿಗೆಯ ಹಿಂದೆ ನಾಲ್ಕೇ ಜಾಗದಲ್ಲಿ ಕೇಳಿಸಿತ್ತು. ದನಗಳು ತುಳಿದು ಗೂಡು ಹಾಳಾಗುತ್ತಿವೆ ಎಂದು ಅವಳು ವರದಿ ಬರೆದಳು. ಅರಣ್ಯ ಇಲಾಖೆಯವರು ದಿಬ್ಬದ ಹುಲ್ಲಿಗೆ ತಂತಿಬೇಲಿ ಎಳೆದರು. ಅಲ್ಲಿ ದನ ಮೇಯಿಸುತ್ತಿದ್ದ ಅಜ್ಜಿ, "ಹಕ್ಕಿ ಎಲ್ಲಿ ಹೋಗಿವೆಯಮ್ಮ? ದಿನಾ ಕಿರುಚ್ತಾವೆ," ಅಂದಿದ್ದಳು. "ನಮ್ಮ ಹತ್ರ ಲೆಕ್ಕ ಇದೆ ಅಜ್ಜಿ," ಎಂದು ಇವಳು ನಯವಾಗಿಯೇ ಬಾಯಿ ಮುಚ್ಚಿಸಿದ್ದಳು. ಅಜ್ಜಿ ತನ್ನ ಮೂವತ್ತು ದನ ಹೊಡೆದುಕೊಂಡು ಹೊಳೆಯಾಚೆಯ ಹುಲ್ಲಿಗೆ ನಡೆಯತೊಡಗಿದಳು.

ಈ ಸಲದ ಎಣಿಕೆಯ ಮೂರನೇ ದಿನ. ಎಣಿಕೆ ಮುಗಿಯುವವರೆಗೆ ಮುಖದ ಮೇಲೆ ಟವೆಲ್ ಹಾಕಿಕೊಂಡು ಜೀಪಿನಲ್ಲಿ ನಿದ್ದೆ ಹೊಡೆಯುವುದು ಡ್ರೈವರನ ಪದ್ಧತಿ. ಅವತ್ತು ಅವಳು ಮರೆತುಬಂದ ನೀರಿನ ಬಾಟಲಿ ಹಿಡಿದು ಹಿಂದೆಯೇ ಬಂದ. ಅವಳು ಸೂಜಿಹಕ್ಕಿಯ ಮುಂದೆ ಸೊನ್ನೆ ಬರೆಯುವುದನ್ನು ಇಣುಕಿ ನೋಡಿದ.

"ಸೊನ್ನೆ ಯಾಕೆ ಮೇಡಂ? ಆಗ್ಲಿಂದ ಬಡ್ಕೋತಾ ಇದೆಯಲ್ಲ."

"ಯಾವುದು?"

"ಅದೇ, ಚೀಂಯ್ ಅಂತ. ಅಗೋ, ಈಗ್ಲೂ."

ಅವನು ಬೆರಳು ತೋರಿದ ಕಡೆ ದುರ್ಬೀನು ತಿರುಗಿಸಿದಳು. ಒಣದಂಟಿನ ತುದಿಯಲ್ಲಿ ಸೂಜಿಹಕ್ಕಿ. ಕೊಕ್ಕು ತೆರೆದಿತ್ತು, ಗಂಟಲು ಅದುರುತ್ತಿತ್ತು. ಅವಳಿಗೆ ಕೇಳಿಸಿದ್ದು ಗಾಳಿ ಮಾತ್ರ.

ಎಣಿಸಿ ಮುಗಿಸಿದ್ದ ಜಾಗಗಳಿಗೂ ಉಳಿದವಕ್ಕೂ ಅವನನ್ನು ಕರೆದುಕೊಂಡು ಹೋದಳು. ಅವನು ಬೆರಳೆತ್ತಿದಾಗಲೆಲ್ಲ ಒಂದು ಗೀಟು. ಎಣಿಕೆ ಮುಗಿದಾಗ ಬೇಲಿಯ ಒಳಗೂ ಹೊರಗೂ ಸೇರಿ ಇಪ್ಪತ್ತೊಂಬತ್ತು ಜಾಗಗಳಲ್ಲಿ ಸೂಜಿಹಕ್ಕಿ ಇತ್ತು.

ಕಿವಿಯ ಡಾಕ್ಟರು ಅವಳನ್ನು ಗಾಜಿನ ಗೂಡಿನಲ್ಲಿ ಕೂರಿಸಿ, ಶಬ್ದ ಕೇಳಿದಾಗ ಗುಂಡಿ ಒತ್ತಲು ಹೇಳಿದರು. ಎಷ್ಟೋ ಹೊತ್ತು ಅವಳ ಬೆರಳು ಗುಂಡಿಯ ಮೇಲೆ ಸುಮ್ಮನೆ ಕೂತಿತ್ತು. "ಮಾತೆಲ್ಲ ಕೇಳುತ್ತೆ, ಚೂಪು ದನಿ ಹೋಗಿದೆ. ವಯಸ್ಸಿನದು," ಎಂದರು.

ಮನೆಯಲ್ಲಿ ಗಂಡ ಬಟ್ಟೆ ಮಡಚುತ್ತ ಕೇಳಿಸಿಕೊಂಡ. "ಬಟ್ಟೆ ಒಗೆಯೋ ಮೆಷಿನ್ನು ಕೂಗಿದ್ರೂ ನೀನು ಏಳ್ತಿರಲಿಲ್ಲ. ಸೋಮಾರಿತನ ಅಂದ್ಕೊಂಡಿದ್ದೆ," ಎಂದು ನಗಲು ನೋಡಿದ. ಅವಳು ನಗಲಿಲ್ಲವೆಂದು ಪಕ್ಕದಲ್ಲಿ ಬಂದು ಕೂತ.

"ಕಿವಿ ವಿಷಯ ಹೇಳದೇ ಇದ್ರೆ ಏನಾಗುತ್ತೆ ಗೊತ್ತಾ?" ಅಂದಳು ಅವಳು. "ಬೇಲಿ ಹಾಕಿದ್ರು, ಹಕ್ಕಿ ಹೆಚ್ಚಾಯ್ತು ಅಂತ ಎಲ್ರೂ ಬೆನ್ನು ತಟ್ತಾರೆ. ಆ ಯೋಚನೆ ನನಗೆ ಬಂತು ನೋಡು. ಅರ್ಧ ದಿನ ತಲೆಯಲ್ಲೇ ಇತ್ತು."

"ಈಗ?"

"ನಾಚಿಕೆಯಾಗ್ತಿದೆ."

ಮರುದಿನವೇ ಇಲಾಖೆಗೆ ಪತ್ರ ಬರೆದಳು: ಹಕ್ಕಿ ಕಡಿಮೆಯಾಗಿರಲಿಲ್ಲ, ನನ್ನ ಕಿವಿ ಕಡಿಮೆಯಾಗಿತ್ತು. ಆಮೇಲೆ ಅಜ್ಜಿಯ ಕೊಟ್ಟಿಗೆಗೆ ಹೋದಳು. ಕರುವಿನ ಮೈಯಿಂದ ಉಣ್ಣಿಹುಳ ಕೀಳುತ್ತಿದ್ದ ಅಜ್ಜಿ ತಲೆಯೆತ್ತದೆ ಎಲ್ಲವನ್ನೂ ಕೇಳಿದಳು.

"ನಿನ್ನ ಕಿವಿ ಮಂದ ಆಗಿದ್ದಕ್ಕೆ ನನ್ನ ಮೊಣಕಾಲು ಸವೆಸಿದೆಯಲ್ಲಮ್ಮ!"

"ತಪ್ಪಾಯ್ತು ಅಜ್ಜಿ. ನೀವು ಹೇಳಿದಾಗಲೇ ಕೇಳಬೇಕಿತ್ತು."

"ಹೌದು, ಕೇಳಬೇಕಿತ್ತು. ನನ್ನ ಮಾತೇನೂ ಸಣ್ಣ ದನಿಯಲ್ಲಿ ಇರಲಿಲ್ಲ."

ಅಜ್ಜಿ ಕೂರು ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಇವಳು ಬಗ್ಗಿ ಕರುವಿನ ಕತ್ತು ಹಿಡಿದುಕೊಂಡಳು. ಅಜ್ಜಿ ಅದರ ಕಿವಿಯ ಹಿಂದೆ ಉಣ್ಣಿ ಹುಡುಕಿದಳು.

ಬೇಲಿ ಬಿಚ್ಚಲು ಇಲಾಖೆಗೆ ಏಳು ವಾರ ಹಿಡಿಯಿತು. ಅಷ್ಟರಲ್ಲಿ ಬೇಸಿಗೆಯೇ ಮುಗಿದಿತ್ತು.

ಮುಂದಿನ ವರ್ಷ ಎಣಿಕೆಯ ಹಾಳೆಯಲ್ಲಿ ಕೇಳಿಸಿಕೊಂಡವರು ಎನ್ನುವಲ್ಲಿ ಡ್ರೈವರನ ಹೆಸರು ಬಂತು. ದಿಬ್ಬದ ಮೇಲೆ ಅವರಿಬ್ಬರೂ ನಿಂತಿದ್ದಾಗ ಅಜ್ಜಿ ದನಗಳ ಜೊತೆ ಅತ್ತ ಬಂದಳು. ಅವಳು ಹಕ್ಕಿ ಮೇಡಂ ಕಡೆ ನೋಡದೆ ಡ್ರೈವರನನ್ನೇ ಕೇಳಿದಳು.

"ಎಷ್ಟು ಕೇಳಿಸ್ತು?"

"ಮೂರು."

"ನಾಲ್ಕು," ಎಂದು ಅಜ್ಜಿ ದನ ಹೊಡೆದುಕೊಂಡು ಮುಂದೆ ಹೋದಳು.

ಹಕ್ಕಿ ಮೇಡಂ ಪೆನ್ಸಿಲ್ ಹಿಡಿದು ಡ್ರೈವರನ ಮುಖ ನೋಡಿದಳು. ಅವನು ಕಿವಿ ಉಜ್ಜಿಕೊಂಡ.

"ಇನ್ನೊಂದು ಹತ್ತು ನಿಮಿಷ ನಿಲ್ಲೋಣ ಮೇಡಂ," ಅಂದ.

ಅವಳು ಗಡಿಯಾರ ನೋಡಿಕೊಂಡು ಆಗಲಿ ಎಂದು ತಲೆಯಾಡಿಸಿದಳು.